ಕಾರ್ಗಿಲ್‌ಗೆ ಹೋದ ವಾರಪತ್ರಿಕೆಯ ಸಂಪಾದಕ

ಬಳ್ಳಾರಿಯಿಂದ ತುಮಕೂರಿಗೆ ರಸ್ತೆಯಲ್ಲಿ ಬರುವುದಾದರೆ ಎರಡು ದಾರಿ. ಚಳ್ಳಕೆರೆ, ಹಿರಿಯೂರು ದಾಟಿ ಶಿರಾ ಮೇಲೆ ಬರುವುದು ಒಂದು. ಆಂಧ್ರದ ಕಲ್ಯಾಣದುರ್ಗದ ಕಡೆಯಿಂದ ಪಾವಗಡಕ್ಕೆ ಬಂದು, ಮಧುಗಿರಿ, ಕೊರಟಗೆರೆ ಹಾದು ಬರುವುದು ಇನ್ನೊಂದು. ಯಾವುದನ್ನು ಹಿಡಿದರೂ ಶಿರಾ, ಪಾವಗಡ, ಮಧುಗಿರಿ, ಕೊರಟಗೆರೆ ಎಂಬ ನಮ್ಮ ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದನ್ನಾದರೂ ತುಳಿಯದೆ ಗತಿಯಿಲ್ಲ. 1958ರ ಮಾರ್ಚ್ 15ರಂದು ಬಳ್ಳಾರಿಯ ಸತ್ಯನಾರಾಯಣ ಪೇಟೆಯಲ್ಲಿ ಹುಟ್ಟಿದ ಹುಡುಗನೊಬ್ಬ ಹೈಸ್ಕೂಲು ಓದಲು ತುಮಕೂರಿನ ಸಿದ್ಧಗಂಗೆಗೆ ಬಂದ. ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಮತ್ತು ಪುರಾತತ್ವದಲ್ಲಿ ಎಂ.ಎ. ಮಾಡಿ, ಬಳ್ಳಾರಿ, ಹಾಸನ, ಹುಬ್ಬಳ್ಳಿಗಳ ಕಾಲೇಜುಗಳಲ್ಲಿ ಇತಿಹಾಸದ ಪಾಠ ಹೇಳಿ, ಕೊನೆಗೆ ಪತ್ರಿಕೋದ್ಯಮಕ್ಕೆ ಹಾರಿದ. ರವಿ ಬೆಳಗೆರೆ ಎಂಬ ಹೆಸರು ಕೇಳಿದರೆ ನಮ್ಮಲ್ಲಿ ಇವತ್ತಿಗೂ ಕೆಲವರ ಮುಖ ಅರಳುತ್ತದೆ, ಕೆಲವರ ಮುಖ ಗಂಟಾಗುತ್ತದೆ. ಕೇಳಿ ಸುಮ್ಮನಿರುವವರು ಕಡಿಮೆ.

ಅವರ ಕ್ರೈಮ್ ಬರಹ, ಪ್ರೇಮ ಬರಹ, ರಾಜಕಾರಣಿಗಳ ಮೇಲಿನ ಬೈಗುಳದ ಬಗ್ಗೆ ಬೇಕಾದಷ್ಟು ಚರ್ಚೆಯಾಗಿದೆ. ಯುದ್ಧದ ಬಗ್ಗೆ ಅವರು ಬರೆದದ್ದನ್ನು ಮಾತ್ರ ಬೇರೆಯಾಗಿ ತೆಗೆದು ನೋಡಿದವರು ಕಾಣುವುದಿಲ್ಲ. ನೋಡಬೇಕಾದ ಸಂಗತಿ ಅದು. ಯಾಕೆಂದರೆ ಕನ್ನಡದಲ್ಲಿ ಯುದ್ಧ ವರದಿಗಾರ ಅಂದಾಗ ಸಾಮಾನ್ಯ ಓದುಗನ ಬಾಯಿಗೆ ಬರುವ ಮೊದಲ ಹೆಸರು, ಎಷ್ಟೋ ಸಲ ಒಂದೇ ಹೆಸರು, ಅವರದು. ಅವರ ಯುದ್ಧದ ಪುಸ್ತಕಗಳಲ್ಲಿ ಎರಡು ಜಾತಿ. ಒಂದರಲ್ಲಿ ಬೆಳಗೆರೆ ಮುಂದೆ ನಿಂತಿದ್ದಾರೆ, ಯುದ್ಧ ಹಿಂದಿದೆ. ಇನ್ನೊಂದರಲ್ಲಿ ಬೇರೊಬ್ಬನನ್ನು ಮುಂದೆ ಬಿಟ್ಟು ತಾವು ಹಿಂದೆ ಸರಿದಿದ್ದಾರೆ. ಜನ ಮೆಚ್ಚಿದ್ದು ಎರಡನ್ನೂ. ಉಳಿಯುವುದು ಎರಡನೆಯದು ಎಂದು ನನ್ನ ಲೆಕ್ಕ.

'ಹಾಯ್ ಬೆಂಗಳೂರ್!' ಶುರುವಾದದ್ದು 1995ರಲ್ಲಿ. ಅಷ್ಟು ಹೊತ್ತಿಗೆ ಕನ್ನಡದ ಓದುಗರಿಗೆ ಟ್ಯಾಬ್ಲಾಯ್ಡ್ ಹೊಸದಲ್ಲ. ಪಿ. ಲಂಕೇಶ್ 1980ರಲ್ಲಿ ತಮ್ಮ ಪತ್ರಿಕೆ ತೆಗೆದು, ಓದುಗರು ಕೊಡುವ ಕಾಸಿನಲ್ಲೇ ಒಂದು ವಾರಪತ್ರಿಕೆ ಬದುಕಬಹುದು, ಮಂತ್ರಿಗಳ ನಿದ್ದೆಯನ್ನೂ ಕೆಡಿಸಬಹುದು ಎಂದು ತೋರಿಸಿಬಿಟ್ಟಿದ್ದರು. ಬೆಳಗೆರೆ ಅದೇ ಕಪ್ಪು ಬಿಳುಪಿನ ಹಾಳೆ ಹಿಡಿದು ಬೇರೆ ಓದುಗರನ್ನು ಹುಡುಕಿಕೊಂಡರು. ಲಂಕೇಶರ ಓದುಗ ಕಾಲೇಜು ಮೇಷ್ಟ್ರು, ರೈತಸಂಘದ ಕಾರ್ಯಕರ್ತ, ಕವಿ. ಬೆಳಗೆರೆಯವರ ಓದುಗ ಬಸ್‌ಸ್ಟ್ಯಾಂಡಿನ ಕಂಡಕ್ಟರ್, ಗ್ಯಾರೇಜಿನ ಹುಡುಗ, ತಾಲ್ಲೂಕು ಕಚೇರಿಯ ಗುಮಾಸ್ತ, ಪಿಯುಸಿಯಲ್ಲಿ ಒಂದು ವಿಷಯ ಉಳಿಸಿಕೊಂಡು ಮನೆಯಲ್ಲಿ ಬೈಸಿಕೊಳ್ಳುತ್ತಿದ್ದವನು. ಶಿರಾ, ಮಧುಗಿರಿಯಂಥ ಊರುಗಳ ಬಸ್‌ಸ್ಟ್ಯಾಂಡ್ ಪೇಪರ್ ಅಂಗಡಿಗಳಲ್ಲಿ ಆ ಪತ್ರಿಕೆ ಹಗ್ಗಕ್ಕೆ ಕ್ಲಿಪ್ಪು ಹಾಕಿ ನೇತಾಡುತ್ತಿದ್ದದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ಪ್ರತಿ ಹತ್ತು ಕೈ ದಾಟುತ್ತಿತ್ತು. ಹೆಂಗಸರು ಓದುವುದಿಲ್ಲ ಎಂದು ಗಂಡಸರು ಅಂದುಕೊಂಡಿದ್ದರು, ಅಷ್ಟೇ.

1999ರ ಬೇಸಿಗೆಯಲ್ಲಿ ಕಾರ್ಗಿಲ್ ಯುದ್ಧ ಬಂತು. ಚಳಿಗಾಲದಲ್ಲಿ ನಮ್ಮ ಸೈನಿಕರು ಬಿಟ್ಟು ಇಳಿದಿದ್ದ ಶಿಖರಗಳನ್ನು ಪಾಕಿಸ್ತಾನದ ಪಡೆಗಳು ಹತ್ತಿ ಕೂತಿದ್ದವು. ಕೆಳಗೆ ಶ್ರೀನಗರದಿಂದ ಲೇಹ್‌ಗೆ ಹೋಗುವ ಹೆದ್ದಾರಿ. ಮೇಲೆ ಕೂತವನಿಗೆ ಕೆಳಗಿನ ಪ್ರತಿ ಲಾರಿಯೂ ಕಾಣುತ್ತದೆ, ಕೆಳಗಿನವನಿಗೆ ಮೇಲೆ ಬಂಡೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಆ ಯುದ್ಧ ಕಷ್ಟವಾದದ್ದರ ಗುಟ್ಟೆಲ್ಲ ಇಲ್ಲಿದೆ. ನಮ್ಮವರು ರಾತ್ರಿ ಹೊತ್ತು, ಆಮ್ಲಜನಕ ಕಮ್ಮಿಯಿರುವ ಎತ್ತರದಲ್ಲಿ, ಮರೆಗೆ ಒಂದು ಪೊದೆಯೂ ಇಲ್ಲದ ಇಳಿಜಾರಿನಲ್ಲಿ ಹತ್ತಬೇಕಿತ್ತು. ಜೂನ್ 13ಕ್ಕೆ ತೊಲೊಲಿಂಗ್ ಕೈಗೆ ಬಂತು, ಜುಲೈ 4ಕ್ಕೆ ಟೈಗರ್ ಹಿಲ್. ಒಂದು ಕಾಲಕ್ಕೆ ದಿಲ್ಲಿಯ ಸರ್ಕಾರವನ್ನೇ ಅಲ್ಲಾಡಿಸಿದ್ದ ಬೋಫೋರ್ಸ್ ಫಿರಂಗಿಗಳು ಆ ಎರಡು ತಿಂಗಳಲ್ಲಿ ಮರ್ಯಾದೆ ಗಳಿಸಿಕೊಂಡವು. ಜುಲೈ 26ಕ್ಕೆ ಎಲ್ಲ ಮುಗಿಯುವ ಹೊತ್ತಿಗೆ ಭಾರತದ 527 ಸೈನಿಕರು ಸತ್ತಿದ್ದರು.

ಈ ಯುದ್ಧ ಕನ್ನಡದವರಿಗೆ ಹೇಗೆ ತಲುಪುತ್ತಿತ್ತು ಎಂಬುದನ್ನು ಈಗಿನ ಹುಡುಗರಿಗೆ ಬಿಡಿಸಿ ಹೇಳಬೇಕು. ಮೊಬೈಲು ದೊಡ್ಡ ಊರಿನ ದೊಡ್ಡವರ ಆಸ್ತಿಯಾಗಿತ್ತು. ಕನ್ನಡದಲ್ಲಿ ಇಪ್ಪತ್ನಾಲ್ಕು ಗಂಟೆ ಸುದ್ದಿ ಕೊಡುವ ಚಾನೆಲ್ ಇರಲಿಲ್ಲ. ದಿನಪತ್ರಿಕೆಯ ಸುದ್ದಿಮನೆಗೆ ದಿಲ್ಲಿಯಿಂದ ಸುದ್ದಿಸಂಸ್ಥೆಗಳ ಇಂಗ್ಲಿಷ್ ತಂತಿಸುದ್ದಿ ಬರುತ್ತಿತ್ತು. ರಾತ್ರಿಪಾಳಿಯ ಉಪಸಂಪಾದಕ ಅದನ್ನು ಕನ್ನಡ ಮಾಡುತ್ತಿದ್ದ. ಅದೊಂದು ಬೇರೆಯೇ ಕನ್ನಡ: ಸೇನಾ ಮೂಲಗಳು ತಿಳಿಸಿವೆ, ಭಾರೀ ಕಾಳಗ ಮುಂದುವರಿದಿದೆ, ವೈರಿಗಳನ್ನು ಹಿಮ್ಮೆಟ್ಟಿಸಲಾಗಿದೆ. ಅದರಲ್ಲಿ ಯಾರಿಗೂ ಚಳಿಯಾಗುತ್ತಿರಲಿಲ್ಲ, ಯಾರಿಗೂ ಹಸಿವಾಗುತ್ತಿರಲಿಲ್ಲ. ಹಳ್ಳಿಗೆ ಶವಪೆಟ್ಟಿಗೆ ಬಂದ ದಿನ ಮಾತ್ರ ಯುದ್ಧಕ್ಕೆ ಮುಖ ಮೂಡುತ್ತಿತ್ತು.

ಅಂಥ ಹೊತ್ತಿನಲ್ಲಿ ಬೆಂಗಳೂರಿನ ಒಬ್ಬ ವಾರಪತ್ರಿಕೆ ಸಂಪಾದಕ ಕಾರ್ಗಿಲ್‌ಗೆ ಹೊರಟ. ಅದರ ಫಲ 'ಕಾರ್ಗಿಲ್‌ನಲ್ಲಿ ಹದಿನೇಳು ದಿನಗಳು' ಎಂಬ ಪುಸ್ತಕ. ವಾರಪತ್ರಿಕೆಯವನಿಗೆ ಅಲ್ಲಿ ಹೋಗಿ ಸುದ್ದಿ ತರುವ ಅವಕಾಶವೇ ಇಲ್ಲ. ಅವನ ಬರಹ ಅಚ್ಚಾಗಿ ಪಾವಗಡ ಮುಟ್ಟುವ ಹೊತ್ತಿಗೆ ಆ ಶಿಖರ ಬಿದ್ದು ವಾರವಾಗಿರುತ್ತದೆ, ಟಿವಿಯಲ್ಲಿ ಹತ್ತು ಸಲ ತೋರಿಸಿರುತ್ತಾರೆ. ಅವನ ಹತ್ತಿರ ಮಾರಲು ಉಳಿಯುವುದು ಒಂದೇ: ಅಲ್ಲಿ ನಾನಿದ್ದೆ ಎಂಬ ಮಾತು. ಬೆಳಗೆರೆಗೆ ಇದು ಚೆನ್ನಾಗಿ ಗೊತ್ತಿತ್ತು. ಚಿಕ್ಕ ಚಿಕ್ಕ ವಾಕ್ಯ, ಎದುರು ಕೂತು ಮಾತಾಡಿದ ಹಾಗೆ ಓದುಗನನ್ನು ಕರೆಯುವುದು, ಭಯವಾದರೆ ಭಯವಾಯಿತು ಎಂದು ಬರೆಯುವುದು. ಅವರ ಇಡೀ ಬರಹದ ವರಸೆ ಇದೇ. ಬೆಂಗಳೂರಿನ ರೌಡಿಗಳ ಬಗ್ಗೆ 'ಪಾಪಿಗಳ ಲೋಕದಲ್ಲಿ' ಬರೆದಾಗಲೂ, ಇಂಡಿ ಸಿಂದಗಿ ಸೀಮೆಯ ಕೊಲೆಗಾರರ ಬಗ್ಗೆ 'ಭೀಮಾ ತೀರದ ಹಂತಕರು' ಬರೆದಾಗಲೂ ಇದೇ ವರಸೆ. ಅದನ್ನು ಹಿಮಾಲಯಕ್ಕೆ ಹೊತ್ತುಕೊಂಡು ಹೋದರು.

ಇದರಿಂದ ಆದ ಲಾಭವನ್ನು ಮರೆಮಾಚುವುದು ಸಣ್ಣತನ. ಸೇನೆ ಎಂದರೆ ಜನವರಿ 26ರ ಪೆರೇಡು ಎಂದುಕೊಂಡಿದ್ದ ಲಕ್ಷಾಂತರ ಮನೆಗಳಿಗೆ, ಅದು ಸಂಬಳದ ಕೆಲಸ, ಹೆದರಿಕೆಯ ಕೆಲಸ, ಮನೆಗೆ ಕಾಗದ ಬರೆಯುತ್ತಾ ಕೂರುವ ಹುಡುಗರ ಕೆಲಸ ಎಂದು ಕನ್ನಡದಲ್ಲಿ ಮನವರಿಕೆ ಮಾಡಿಕೊಟ್ಟದ್ದರಲ್ಲಿ ಅವರ ಪಾಲು ದೊಡ್ಡದು. ಇಂಗ್ಲಿಷಿನಲ್ಲಿ ಕಾರ್ಗಿಲ್ ವರದಿಗಾರರ ಪುಸ್ತಕಗಳು ಬಂದವು. ಗೌರವ್ ಸಾವಂತ್ ಬರೆದದ್ದು, ಶ್ರೀಂಜಯ್ ಚೌಧುರಿ ಬರೆದದ್ದು, ಎರಡೂ 2000ದಲ್ಲಿ. ಅವು ಕೊರಟಗೆರೆಗೆ ಬರಲಿಲ್ಲ. ಬೆಳಗೆರೆ ಬಂದರು.

ನಷ್ಟವೂ ಅದೇ ವರಸೆಯಿಂದಲೇ ಆಯಿತು. ವರದಿಗಾರ ತನ್ನ ವರದಿಯ ನಾಯಕನಾದ ಮೇಲೆ ಓದುಗನಿಗೆ ಯುದ್ಧ ಅರ್ಥವಾಗುವುದಕ್ಕಿಂತ ಹೆಚ್ಚಾಗಿ ವರದಿಗಾರನ ಧೈರ್ಯ ಅರ್ಥವಾಗುತ್ತದೆ. ಶಿಖರಗಳನ್ನು ಹಿಡಿದದ್ದು ಗೊತ್ತಾಗುತ್ತದೆ, ಅವು ಮೊದಲು ಕೈತಪ್ಪಿದ್ದು ಯಾಕೆ ಎಂಬುದು ಹಿಂದೆ ಬೀಳುತ್ತದೆ. ಆ ಪ್ರಶ್ನೆಗೆ ಉತ್ತರ ಹುಡುಕಲು ಕೆ. ಸುಬ್ರಹ್ಮಣ್ಯಂ ನೇತೃತ್ವದ ಕಾರ್ಗಿಲ್ ಪರಿಶೀಲನಾ ಸಮಿತಿ ಕೂರಬೇಕಾಯಿತು. ಗುಪ್ತಚರ ವ್ಯವಸ್ಥೆ ಎಲ್ಲಿ ಎಡವಿತು, ಚಳಿಗಾಲದ ಗಸ್ತು ಯಾಕೆ ಸಡಿಲವಾಗಿತ್ತು ಎಂಬ ಒಣ ವಿಷಯ ಅದರ ವರದಿಯಲ್ಲಿದೆ. ಒಣ ವಿಷಯ ಬರೆಯುವುದಕ್ಕೆ ಬೆಳಗೆರೆಯವರಿಗೆ ತಾಳ್ಮೆಯಿರಲಿಲ್ಲ, ಅದನ್ನು ಓದುವುದಕ್ಕೆ ನಮಗೂ ಇರಲಿಲ್ಲ.

ಇನ್ನೊಂದು ತೊಡಕು ಬೆಳಗೆರೆ ಒಬ್ಬರದೇ ಅಲ್ಲ. ಯುದ್ಧಭೂಮಿಗೆ ಹೋಗುವ ವರದಿಗಾರ ಸೇನೆಯ ಲಾರಿಯಲ್ಲಿ ಹೋಗುತ್ತಾನೆ, ಸೇನೆಯ ಬಂಕರಿನಲ್ಲಿ ಬಗ್ಗಿ ಕೂರುತ್ತಾನೆ, ಸೈನಿಕ ಕೊಟ್ಟ ಚಹಾ ಕುಡಿಯುತ್ತಾನೆ. ಮೇಲಿಂದ ಶೆಲ್ ಬಿದ್ದಾಗ ತನ್ನನ್ನು ನೆಲಕ್ಕೆ ಕೆಡವಿ ಉಳಿಸಿದ ಹುಡುಗನ ಬಗ್ಗೆ ಯಾರು ತಾನೇ ಕೆಟ್ಟದಾಗಿ ಬರೆದಾರು? ಆಧುನಿಕ ಯುದ್ಧ ವರದಿಗಾರಿಕೆಯ ಮೂಲಪುರುಷ ಎನಿಸಿಕೊಂಡ ಲಂಡನ್ 'ಟೈಮ್ಸ್'ನ ವಿಲಿಯಂ ಹೋವರ್ಡ್ ರಸೆಲ್ ಈ ಋಣ ತೀರಿಸಲಿಲ್ಲ ಎಂದೇ ಹೆಸರಾದದ್ದು. 1854ರಲ್ಲಿ ಕ್ರಿಮಿಯಾಕ್ಕೆ ಬ್ರಿಟಿಷ್ ಸೈನ್ಯದ ಜೊತೆ ಹೋದ ಆತ, ಗಾಯಾಳುಗಳು ಔಷಧಿಯಿಲ್ಲದೆ ಕೊಳೆಯುತ್ತಿದ್ದುದನ್ನು ಬರೆದ. ದಂಡನಾಯಕರು ಅವನನ್ನು ದ್ರೋಹಿಯೆಂದರು. ಆಸ್ಟ್ರೇಲಿಯಾದ ವಿಲ್ಫ್ರೆಡ್ ಬರ್ಚೆಟ್ 1945ರಲ್ಲಿ ಹಿರೋಷಿಮಾಕ್ಕೆ ಒಬ್ಬನೇ ಹೋಗಿ, ಬಾಂಬು ಬಿದ್ದು ವಾರಗಳ ಮೇಲೂ ಜನ ವಿಕಿರಣದಿಂದ ಸಾಯುತ್ತಿದ್ದಾರೆ ಎಂದು ಜಗತ್ತಿಗೆ ಹೇಳಿದ. ಅದೇ ಬರ್ಚೆಟ್ ಕೊರಿಯಾ ಯುದ್ಧದಲ್ಲಿ ಆ ಕಡೆಯವರ ಬಿಡಾರ ಸೇರಿ, ಅವರು ಹೇಳಿದ್ದನ್ನೆಲ್ಲ ಬರೆದನೆಂದು ಅವನ ಸ್ವಂತ ದೇಶ ಹದಿನೇಳು ವರ್ಷ ಪಾಸ್‌ಪೋರ್ಟ್ ಕೊಡಲಿಲ್ಲ. ಒಬ್ಬನೇ ಮನುಷ್ಯ, ಎರಡು ಯುದ್ಧ, ಎರಡು ಬಗೆಯ ಕಣ್ಣು.

ಬೆಳಗೆರೆಗೆ ನಿಜವಾಗಿ ಹತ್ತಿರದವನು ಪೋಲೆಂಡಿನ ರಿಶಾರ್ಡ್ ಕಪುಶ್ಚಿನ್‌ಸ್ಕಿ. ಆಫ್ರಿಕಾ, ಲ್ಯಾಟಿನ್ ಅಮೆರಿಕದ ದಂಗೆ, ಯುದ್ಧಗಳನ್ನು ಸುದ್ದಿಸಂಸ್ಥೆಗೆ ವರದಿ ಮಾಡಿ, ಅದನ್ನೇ ಕಥೆಗಾರನ ಕೈಯಲ್ಲಿ ಪುಸ್ತಕ ಮಾಡಿದವನು. ಸತ್ತ ಮೂರು ವರ್ಷಕ್ಕೆ, 2010ರಲ್ಲಿ, ಅವನ ಶಿಷ್ಯನಂತಿದ್ದ ಪತ್ರಕರ್ತನೇ ಜೀವನಚರಿತ್ರೆ ಬರೆದು, ಇದರಲ್ಲಿ ಎಷ್ಟು ಕಂಡದ್ದು, ಎಷ್ಟು ಕಟ್ಟಿದ್ದು ಎಂದು ಕೇಳಿದ. ಇಡೀ ಯುರೋಪಿನಲ್ಲಿ ಗಲಾಟೆಯಾಯಿತು. ಕನ್ನಡದಲ್ಲಿ ಬೆಳಗೆರೆಯವರ ಬಗ್ಗೆ ಅಂಥ ಪುಸ್ತಕ ಬರಬೇಕಿದೆ. ಬಂದಿರುವುದೆಲ್ಲ ಒಂದೋ ಪೂಜೆ, ಇಲ್ಲವೇ ಬೈಗುಳ.

ಯಾರ ಅನ್ನ ತಿಂದು ಯಾರ ಕಥೆ ಬರೆದರು ಎಂಬ ಪ್ರಶ್ನೆ ನಮ್ಮ ಸೀಮೆಗೆ ಹೊಸದಲ್ಲ. ಒಂದು ನಿಮಿಷ ಆ ಕಡೆ ಹೋಗಿ ಬರೋಣ. ಬಿಜಾಪುರ ಬಿದ್ದ ಮೇಲೆ ಶಿರಾ 1687ರಲ್ಲಿ ಮೊಗಲರ ಸುಬಾದ ರಾಜಧಾನಿಯಾಯಿತು. 1761ರಲ್ಲಿ ಹೈದರ್ ಅಲಿ ಶಿರಾದ ನವಾಬನೆಂಬ ಬಿರುದು ಪಡೆದ. ಕೆಳದಿಯನ್ನು ಗೆದ್ದ ಮೇಲೆ ರಾಣಿ ವೀರಮ್ಮಾಜಿಯನ್ನು ಸೆರೆಯಿಟ್ಟದ್ದು ಮಧುಗಿರಿಯ ಬೆಟ್ಟದ ಮೇಲೆ. 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯ ಬಂದು ಶಿರಾ, ಮಧುಗಿರಿ ಹಿಡಿದು ಆಕೆಯನ್ನು ಬಿಡಿಸಿತು. 1790ರ ದಶಕದಲ್ಲಿ ಮತ್ತೆ ಮರಾಠರು, ಅವರ ಜೊತೆ ಇಂಗ್ಲಿಷರು. ಆ ಯುದ್ಧದ ಪುಸ್ತಕಗಳು ಲಂಡನ್ನಿನಲ್ಲಿ ಬಿಸಿಬಿಸಿಯಾಗಿ ಅಚ್ಚಾದವು. ಮೇಜರ್ ಡಿರೋಮ್ ಬರೆದದ್ದು 1793ರಲ್ಲಿ, ಪರಶುರಾಮ ಭಾವುವಿನ ಮರಾಠಾ ಸೈನ್ಯದ ಜೊತೆಗಿದ್ದ ಎಡ್ವರ್ಡ್ ಮೂರ್ ಬರೆದದ್ದು 1794ರಲ್ಲಿ. ಎರಡರಲ್ಲೂ ಕೋಟೆಯ ಎತ್ತರ, ಫಿರಂಗಿಯ ಲೆಕ್ಕ ಸಿಗುತ್ತದೆ. ಸೈನ್ಯ ಹಾದುಹೋದ ಹೊಲ ಯಾರದು, ಆ ವರ್ಷ ಅವರು ಏನು ಉಂಡರು ಎಂಬ ಪ್ರಶ್ನೆಗೆ ಜಾಗ ಕಮ್ಮಿ. 1800ರಲ್ಲಿ ಈ ಊರುಗಳನ್ನು ಸುತ್ತಿದ ಬುಕಾನನ್ ಎಂಬ ವೈದ್ಯ, ಪಾಳುಬಿದ್ದ ಹಳ್ಳಿಗಳನ್ನು ಕಂಡು ರೈತರನ್ನೇ ಕೂರಿಸಿ ಕೇಳಿದ್ದರಿಂದ ಅಷ್ಟಾದರೂ ನಮಗೆ ಗೊತ್ತು. ಅವನೂ ಈಸ್ಟ್ ಇಂಡಿಯಾ ಕಂಪನಿಯ ನೌಕರನೇ.

ಅದಕ್ಕಿಂತ ಹಿಂದೆ ಹೋದರೆ ವೀರಗಲ್ಲು. ಶಿರಾದ ಗಡಿಯಾಚೆ ಈಗ ಆಂಧ್ರಕ್ಕೆ ಸೇರಿರುವ ಹೇಮಾವತಿ ಒಂದು ಕಾಲಕ್ಕೆ ನೊಳಂಬ ಅರಸರ ರಾಜಧಾನಿಯಾಗಿತ್ತು. ಈ ಸೀಮೆಯ ಹೊಲದ ಬದು, ಕೆರೆ ಏರಿಗಳಲ್ಲಿ ನಿಂತಿರುವ ಕಲ್ಲುಗಳು ಕನ್ನಡದ ಮೊದಲ ಯುದ್ಧ ವರದಿಗಳು. ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಕೈಲಾಸ. ತುರುಗೊಳ್ಳುವಾಗ ಸತ್ತ, ಊರಳಿವಿನಲ್ಲಿ ಸತ್ತ, ಒಡೆಯನಿಗಾಗಿ ಸತ್ತ ಎಂದು ಕಾರಣವೂ ಇರುತ್ತದೆ. ಆದರೆ ಕಲ್ಲು ನಿಲ್ಲಿಸಿದವರು ಯಾವಾಗಲೂ ಸತ್ತವನ ಕಡೆಯವರು. ಎದುರಾಳಿ ಕಲ್ಲಿನ ಮೇಲೆ ಬರುವುದು ತುಳಿಸಿಕೊಳ್ಳುವುದಕ್ಕೆ. ಬೆಳಗೆರೆಯವರ ಕಾರ್ಗಿಲ್ ಈ ಪರಂಪರೆಯ ಬರಹ. ಇತಿಹಾಸದ ಮೇಷ್ಟ್ರಾಗಿದ್ದ ಅವರಿಗೆ ಇದನ್ನು ಹೇಳಿದ್ದರೆ ಬಹುಶಃ ಸಂತೋಷಪಡುತ್ತಿದ್ದರು, ನಾನು ಹೊಗಳಿಕೆಯಾಗಿ ಮಾತ್ರ ಹೇಳುತ್ತಿಲ್ಲವಾದರೂ.

ಈಗ ಎರಡನೇ ಜಾತಿಯ ಪುಸ್ತಕಕ್ಕೆ ಬರುತ್ತೇನೆ. 'ಹಿಮಾಲಯನ್ ಬ್ಲಂಡರ್' ಬೆಳಗೆರೆಯವರ ಸ್ವಂತ ಪುಸ್ತಕವೆಂದೇ ಹಲವರು ತಿಳಿದಿದ್ದಾರೆ. ಅಲ್ಲ. ಅದು ಬ್ರಿಗೇಡಿಯರ್ ಜಾನ್ ಪರಶುರಾಮ್ ದಳವಿ 1969ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಪುಸ್ತಕದ ಕನ್ನಡ ರೂಪ. ಬಂದ ಹೊಸದರಲ್ಲಿ ಸರ್ಕಾರ ಅದನ್ನು ನಿಷೇಧಿಸಿತ್ತು. ಕನ್ನಡದಲ್ಲಿ ಬೆಳಗೆರೆಯವರದೇ ಭಾವನಾ ಪ್ರಕಾಶನದಿಂದ ಬಂದು, ಮರುಮುದ್ರಣದ ಮೇಲೆ ಮರುಮುದ್ರಣ ಕಂಡಿತು. ಕಾದಂಬರಿಯನ್ನೇ ಕೈಯಲ್ಲಿ ಹಿಡಿಯದವರು ಅದನ್ನು ರಾತ್ರಿಯೆಲ್ಲ ಕೂತು ಮುಗಿಸಿದ್ದನ್ನು ಬಲ್ಲೆ.

ದಳವಿ ಯಾರು? 1962ರಲ್ಲಿ ಈಗಿನ ಅರುಣಾಚಲದ ತವಾಂಗ್ ಭಾಗದಲ್ಲಿ ನಮ್ಮ 7ನೇ ಪದಾತಿ ಬ್ರಿಗೇಡಿನ ದಂಡನಾಯಕ. ಥಾಗ್ ಲಾ ದಿಣ್ಣೆಯ ಮೇಲೆ ಚೀನೀಯರು. ಕೆಳಗೆ ನಮ್ಕಾ ಚು ಎಂಬ ಹೊಳೆಯ ಈ ದಡದಲ್ಲಿ ದಳವಿಯ ಸೈನಿಕರು. ಎದುರಾಳಿ ಮೇಲಿದ್ದಾನೆ, ತಾವು ಹಳ್ಳದಲ್ಲಿದ್ದೇವೆ. ರಸ್ತೆಯಿಲ್ಲ, ಸಾಮಾನು ವಿಮಾನದಿಂದ ಬೀಳಬೇಕು, ಬಿದ್ದದ್ದರಲ್ಲಿ ಬಹುಪಾಲು ಕಣಿವೆ ಪಾಲಾಗುತ್ತದೆ. ಹಿಮದಲ್ಲಿ ಹತ್ತಿ ಬಟ್ಟೆ, ಕ್ಯಾನ್ವಾಸ್ ಶೂ, ಕೈಗೆ ಮಹಾಯುದ್ಧದ ಕಾಲದ ರೈಫಲ್ಲು. ದಿಲ್ಲಿಯಿಂದ ಮಾತ್ರ ಚೀನೀಯರನ್ನು ಅಲ್ಲಿಂದ ಓಡಿಸಿ ಎಂಬ ಆಜ್ಞೆ. ಅದನ್ನು ಮಾಡಿಸಬೇಕಾದ ಜನರಲ್ ಬಿ.ಎಂ. ಕೌಲ್ ಕಾಯಿಲೆ ಬಿದ್ದು ದಿಲ್ಲಿಗೆ ಹೋದರು. ಅಕ್ಟೋಬರ್ 20ರ ಬೆಳಗಿನ ಜಾವ ಚೀನೀಯರು ಇಳಿದರು. ಕೆಲವು ಗಂಟೆಗಳಲ್ಲಿ ಬ್ರಿಗೇಡು ಇಲ್ಲವಾಯಿತು. ಅಕ್ಟೋಬರ್ 22ರಂದು ದಳವಿ ಸೆರೆಸಿಕ್ಕರು. ಮರುವರ್ಷ ಮೇ ತಿಂಗಳಲ್ಲಿ ಬಿಡುಗಡೆಯಾಗಿ ಬಂದ ಮೇಲೆ ಮನಸ್ಸಿನಲ್ಲಿದ್ದದ್ದನ್ನೆಲ್ಲ ಬರೆದರು.

ಈ ಕಥೆಯಲ್ಲಿ ಕರ್ನಾಟಕದ ಪಾಲೂ ಇದೆ. 1957ರಿಂದ 1961ರವರೆಗೆ ಸೇನಾ ಮುಖ್ಯಸ್ಥರಾಗಿದ್ದವರು ಕೊಡಗಿನ ಕೆ.ಎಸ್. ತಿಮ್ಮಯ್ಯ. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಹೊಂದದೆ 1959ರಲ್ಲಿ ರಾಜೀನಾಮೆ ಕೊಟ್ಟು, ನೆಹರೂ ಮಾತಿಗೆ ಕಟ್ಟುಬಿದ್ದು ವಾಪಸು ತೆಗೆದುಕೊಂಡವರು. ಮಡಿಕೇರಿಯಲ್ಲಿ ಅವರ ಮನೆ ಈಗ ಮ್ಯೂಸಿಯಂ. ಆ ರಾಜೀನಾಮೆ ಪ್ರಸಂಗದ ಹಿಂದುಮುಂದು ಗೊತ್ತಿಲ್ಲದೆ 1962 ಅರ್ಥವಾಗುವುದಿಲ್ಲ.

ಬೆಳಗೆರೆ ಇಲ್ಲಿ ಮಾಡಿದ ಕೆಲಸ ನೋಡಿ. ದಳವಿಯ ಇಂಗ್ಲಿಷು ಸೇನಾಧಿಕಾರಿಯದು: ನಕ್ಷೆ, ಬೆಟಾಲಿಯನ್ ಹೆಸರು, ಆಜ್ಞೆಯ ತಾರೀಖು, ಪುಟಗಟ್ಟಲೆ ವಾದ. ಅದನ್ನು ಹಾಗೇ ಕನ್ನಡಕ್ಕೆ ತಂದಿದ್ದರೆ ನಾಲ್ಕು ಜನ ಓದುತ್ತಿರಲಿಲ್ಲ. ಬೆಳಗೆರೆ ತಮ್ಮ ವಾಕ್ಯದ ಓಟವನ್ನು ಕೊಟ್ಟರು, ತಮ್ಮ 'ನಾನು'ವನ್ನು ಕೊಡಲಿಲ್ಲ. ಇಲ್ಲಿನ 'ನಾನು' ದಳವಿ. ಅವನು ಸೋತವನು, ಸೆರೆಯಾದವನು, ಸತ್ತ ಹುಡುಗರ ಲೆಕ್ಕ ಕೊಡಬೇಕಾದವನು. ಅಂಥವನಿಗೆ ಮೆರೆಯುವ ಅವಕಾಶವೇ ಇಲ್ಲ. ಹೀಗಾಗಿ ಬೆಳಗೆರೆಯವರ ಗದ್ಯದಲ್ಲಿ ಬೇರೆಡೆ ಕಾಣುವ ಮೀಸೆ ತಿರುವುವ ಗುಣ ಇಲ್ಲಿ ಅಡಗಿ, ಅದರ ಬಿಸಿ ಮಾತ್ರ ಉಳಿದಿದೆ. ಪತ್ರಕರ್ತನೊಬ್ಬ ಅನುವಾದಕನಾದಾಗ ಹೀಗೆ ಆಗುವುದು ಅಪರೂಪ. ನನ್ನನ್ನು ಕೇಳಿದರೆ ಅವರ ಅಷ್ಟೊಂದು ಪುಸ್ತಕಗಳ ನಡುವೆ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಇದು.

ಆದರೂ ಒಂದು ಎಚ್ಚರ ಬೇಕು. ದಳವಿ ಸೋತ ಪಡೆಯ ನಾಯಕ. ತಪ್ಪು ತನ್ನದಲ್ಲ, ಮೇಲಿನವರದು ಎಂದು ವಾದಿಸಲು ಕೂತವನು. ಆ ವಾದದಲ್ಲಿ ಬಹಳಷ್ಟು ನಿಜವಿದೆ, ಎಲ್ಲವೂ ಇಲ್ಲ. ಕೌಲ್ ತಮ್ಮ ಪಾಲಿನ ಕಥೆಯನ್ನು ಅದಕ್ಕೂ ಎರಡು ವರ್ಷ ಮೊದಲೇ ಬರೆದಿದ್ದರು. 1970ರಲ್ಲಿ ಲಂಡನ್ 'ಟೈಮ್ಸ್'ನ ದಿಲ್ಲಿ ವರದಿಗಾರನಾಗಿದ್ದ ನೆವಿಲ್ ಮ್ಯಾಕ್ಸ್‌ವೆಲ್, ಯುದ್ಧಕ್ಕೆ ಚೀನಾವನ್ನು ಕೆಣಕಿದ್ದೇ ಭಾರತ ಎಂದು ದೊಡ್ಡ ಪುಸ್ತಕ ಬರೆದ. ಇದೇ ಮ್ಯಾಕ್ಸ್‌ವೆಲ್ 1967ರ ಚುನಾವಣೆ ಹೊತ್ತಿಗೆ ಭಾರತದ ಪ್ರಜಾಪ್ರಭುತ್ವದ ಕಥೆ ಮುಗಿಯಿತು ಎಂದು ಭವಿಷ್ಯ ನುಡಿದಿದ್ದವನು. ಆ ಭವಿಷ್ಯದ ಗತಿ ಎಲ್ಲರಿಗೂ ಗೊತ್ತು. ಆದರೆ ಸೋಲಿನ ಬಗ್ಗೆ ಸೇನೆಯೇ ಮಾಡಿಸಿದ ಹೆಂಡರ್ಸನ್ ಬ್ರೂಕ್ಸ್ - ಭಗತ್ ವರದಿಯನ್ನು ಅವನು ಓದಿದ್ದ, 2014ರಲ್ಲಿ ಅದರ ಒಂದು ಭಾಗವನ್ನು ಬಯಲಿಗೂ ಬಿಟ್ಟ. 1963ರ ಆ ವರದಿಯನ್ನು ನಮ್ಮ ಯಾವ ಸರ್ಕಾರವೂ, ಯಾವ ಪಕ್ಷದ್ದೇ ಇರಲಿ, ಈವರೆಗೆ ಪೂರ್ತಿ ಹೊರಗಿಟ್ಟಿಲ್ಲ. ಕನ್ನಡದ ಸಾಮಾನ್ಯ ಓದುಗನ ಕೈಯಲ್ಲಿ 1962ರ ಬಗ್ಗೆ ಉಳಿದದ್ದು ದಳವಿ ಮತ್ತು ಬೆಳಗೆರೆ. ನೆಹರೂ ಒಬ್ಬರನ್ನು ಬೈದು ಪುಸ್ತಕ ಮುಚ್ಚುವ ಅಭ್ಯಾಸ ನಮ್ಮ ಚಹಾ ಅಂಗಡಿಗಳಿಗೆ ಬಂದದ್ದರಲ್ಲಿ ಆ ಪುಸ್ತಕದ ಪಾತ್ರವೂ ಇದೆ. ತಪ್ಪು ಪುಸ್ತಕದ್ದಲ್ಲ, ಒಂದೇ ಪುಸ್ತಕ ಓದುವವರದು.

ಉಳಿದ ಅನುವಾದಗಳ ಬಗ್ಗೆ ಚುಟುಕಾಗಿ. ಮನೋಹರ ಮಳಗಾಂವಕರ್ ನಾನಾ ಸಾಹೇಬನ ಬಾಯಲ್ಲಿ 1857ರ ದಂಗೆ ಹೇಳಿಸಿದ ಇಂಗ್ಲಿಷ್ ಕಾದಂಬರಿ 'ದಂಗೆಯ ದಿನಗಳು' ಆಯಿತು. ಮಳಗಾಂವಕರ್ ಸೇನೆಯಲ್ಲಿದ್ದು ಬಂದು ಉತ್ತರ ಕನ್ನಡದ ಜಗಲಬೇಟದ ಕಾಡಿನಲ್ಲಿ ನೆಲೆಸಿದವರು. ಫಿಲಿಪ್ ಮೆಡೋಸ್ ಟೇಲರ್‌ನ ಠಕ್ಕರ ಕಥೆ 'ರೇಷ್ಮೆ ರುಮಾಲು' ಆಯಿತು. ಸುರಪುರದಲ್ಲಿ ಆಡಳಿತ ನಡೆಸಿದ್ದ ಟೇಲರ್ ವರ್ಷಗಟ್ಟಲೆ ಲಂಡನ್ 'ಟೈಮ್ಸ್'ಗೆ ವರದಿ ಕಳಿಸುತ್ತಿದ್ದ ಎಂಬುದನ್ನು ಕನ್ನಡಿಗರು ನೆನಪಿಡುವುದು ಕಡಿಮೆ. ಮುಂಬೈ ಸ್ಫೋಟಗಳ ಬಗ್ಗೆ ಹುಸೇನ್ ಜೈದಿ ಬರೆದ 'ಬ್ಲ್ಯಾಕ್ ಫ್ರೈಡೇ'ಯನ್ನೂ ತಂದರು. ಈ ಆಯ್ಕೆಗಳನ್ನು ಸಾಲಾಗಿಟ್ಟು ನೋಡಿದರೆ ಒಂದು ರುಚಿ ಕಾಣುತ್ತದೆ: ಹಿಂಸೆಯ ಕಥೆ, ಅದೂ ಅದರೊಳಗೇ ಇದ್ದವನ ಬಾಯಿಂದ. ಸೋತ ಬ್ರಿಗೇಡಿಯರ್, ದಂಗೆಯೆದ್ದ ಪೇಶ್ವೆ, ತಪ್ಪೊಪ್ಪಿಕೊಳ್ಳುವ ಠಕ್ಕ.

ವಿವಾದಗಳ ಮಾತು ಬಿಟ್ಟರೆ ಈ ಬರಹ ಅರ್ಧವಾಗುತ್ತದೆ. 2017ರ ಜೂನ್‌ನಲ್ಲಿ ಕರ್ನಾಟಕ ವಿಧಾನಸಭೆ, ಶಾಸಕರ ವಿರುದ್ಧದ ಬರಹಗಳಿಗಾಗಿ ಹಕ್ಕುಚ್ಯುತಿ ಎಂದು ಅವರಿಗೂ ಇನ್ನೊಬ್ಬ ಸಂಪಾದಕರಿಗೂ ಒಂದು ವರ್ಷ ಜೈಲು, 10 ಸಾವಿರ ರೂಪಾಯಿ ದಂಡ ವಿಧಿಸಿತು. ಪ್ರಕರಣ ಹೈಕೋರ್ಟಿಗೆ ಹೋಯಿತು. ಆರೋಪ ಮಾಡಿದವರೇ ತೀರ್ಪು ಕೊಡುವ ಆ ಪದ್ಧತಿಯನ್ನು, ಬೆಳಗೆರೆಯನ್ನು ಕಂಡರಾಗದ ಪತ್ರಕರ್ತರೂ ವಿರೋಧಿಸಿದರು, ಸರಿಯಾಗಿಯೇ. ಅದೇ ವರ್ಷ ಡಿಸೆಂಬರಿನಲ್ಲಿ, ಮಾಜಿ ಸಹೋದ್ಯೋಗಿಯೊಬ್ಬರ ಕೊಲೆಗೆ ಸುಪಾರಿ ಕೊಟ್ಟರೆಂಬ ಆರೋಪದ ಮೇಲೆ ಸಿಸಿಬಿ ಪೊಲೀಸರು ಬಂಧಿಸಿದರು. ಅವರು ಆರೋಪ ಅಲ್ಲಗಳೆದರು, ಜಾಮೀನು ಸಿಕ್ಕಿತು. 2020ರ ನವೆಂಬರ್ 13ರಂದು ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 62. ವ್ಯಕ್ತಿಯ ಮೇಲಿನ ಆರೋಪವನ್ನು ಹಿಡಿದು ದಳವಿಯ ಅನುವಾದವನ್ನು ಎಸೆಯುವುದು ಮೂರ್ಖತನ. ಅನುವಾದ ಚೆನ್ನಾಗಿದೆಯೆಂದು, ಆ ಪತ್ರಿಕೆ ಎಷ್ಟೋ ಮನೆಗಳ ಖಾಸಗಿ ಬದುಕನ್ನು ಬೀದಿಗೆ ಎಳೆದದ್ದನ್ನು ಮರೆಯುವುದೂ ಅಷ್ಟೇ.

ಕಾರ್ಗಿಲ್, ನಮ್ಕಾ ಚು ಎಲ್ಲ ದೂರದವು. ನಮ್ಮ ನಾಲ್ಕು ತಾಲ್ಲೂಕುಗಳ ಯುದ್ಧ ಯಾವುದು ಎಂದು ಕೇಳಿದರೆ ಪಾವಗಡದವರು ವೆಂಕಟಮ್ಮನಹಳ್ಳಿ ಎನ್ನುತ್ತಾರೆ. ಮೂರು ಕಡೆ ಆಂಧ್ರ ಸುತ್ತುವರಿದು, ಜಿಲ್ಲೆಯ ಉಳಿದ ಭಾಗದಿಂದ ಬೇರ್ಪಟ್ಟಂತಿರುವ ತಾಲ್ಲೂಕು ಪಾವಗಡ. ಆಚೆ ರಾಯಲಸೀಮೆಯಲ್ಲಿ ಏನಾದರೂ ಈಚೆಗೆ ಬಿಸಿ ತಟ್ಟುತ್ತದೆ. 2004ರ ಸೆಪ್ಟೆಂಬರಿನಲ್ಲಿ ನಕ್ಸಲ್ ಸಂಘಟನೆಗಳಾದ ಪೀಪಲ್ಸ್ ವಾರ್ ಮತ್ತು ಎಂಸಿಸಿ ಸೇರಿ ಮಾವೋವಾದಿ ಪಕ್ಷವಾಯಿತು. ಆಂಧ್ರ ಸರ್ಕಾರದ ಜೊತೆಗಿನ ಮಾತುಕತೆ ಮುರಿದುಬಿತ್ತು. 2005ರ ಫೆಬ್ರವರಿ 6ರಂದು ಚಿಕ್ಕಮಗಳೂರು ಜಿಲ್ಲೆಯಲ್ಲಿ ಮಾವೋವಾದಿ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಸತ್ತರು. ಅವರು ಓದಿದ್ದು ಪತ್ರಿಕೋದ್ಯಮ, ದಿಲ್ಲಿಯಲ್ಲಿ. ಕರ್ನಾಟಕದ ಇತಿಹಾಸದ ಮೇಲೆ ಇಂಗ್ಲಿಷಿನಲ್ಲಿ ಎರಡು ಸಂಪುಟ ಬರೆದಿದ್ದರು. ಬೆಳಗೆರೆಯ ಹಾಗೆ ಇತಿಹಾಸ ಮತ್ತು ಪತ್ರಿಕೋದ್ಯಮ ಎರಡರ ನಂಟಿದ್ದವರು, ಹಿಡಿದ ದಾರಿ ಬೇರೆ. ಆ ಸಾವಾಗಿ ಒಂದು ವಾರ ತುಂಬುವ ಮೊದಲೇ, ವೆಂಕಟಮ್ಮನಹಳ್ಳಿಯಲ್ಲಿ ಬೀಡುಬಿಟ್ಟಿದ್ದ ಕೆಎಸ್‌ಆರ್‌ಪಿ ತುಕಡಿಯ ಮೇಲೆ ರಾತ್ರಿ ಹೊತ್ತು ನಕ್ಸಲರು ದೊಡ್ಡ ಗುಂಪಿನಲ್ಲಿ ಬಂದು ದಾಳಿ ಮಾಡಿದರು. ಮೀಸಲು ಪಡೆಯ ಪೊಲೀಸರು ಸತ್ತರು. ಅದು ಸಾಕೇತ್ ಸಾವಿನ ಸೇಡು ಎಂದು ಪೊಲೀಸರು ಹೇಳಿದರು, ಪತ್ರಿಕೆಗಳೂ ಹಾಗೇ ಬರೆದವು.

ಇಂಥ ಯುದ್ಧಕ್ಕೆ ಕಾರ್ಗಿಲ್ ಮಾದರಿ ಉಪಯೋಗಕ್ಕೆ ಬರುವುದಿಲ್ಲ. ಇಲ್ಲಿ ವರದಿಗಾರನನ್ನು ಕರೆದೊಯ್ಯುವ ಸೇನೆಯ ಲಾರಿಯಿಲ್ಲ, ಮುಂಚೂಣಿ ಎಂಬುದಿಲ್ಲ, ಹತ್ತಿ ತೋರಿಸುವ ಶಿಖರವಿಲ್ಲ. ಅಲ್ಲಿ ನಾನಿದ್ದೆ ಎಂದು ಹೇಳಲು ಯಾರೂ ಇರಲಿಲ್ಲ. ಇಲ್ಲಿ ಬೇಕಾದದ್ದು ನಿಧಾನದ ಕೆಲಸ. ಸತ್ತ ಪೊಲೀಸರ ಮನೆಗಳು ಬೇರೆ ಬೇರೆ ಊರುಗಳಲ್ಲಿವೆ, ಅಲ್ಲಿಗೆ ಹೋಗಬೇಕು. ವಿಚಾರಣೆಗೆಂದು ಠಾಣೆ ಅಲೆದ ಹಳ್ಳಿಗರನ್ನು ಕೂರಿಸಿಕೊಂಡು, ತೆಲುಗು ಬೆರೆತ ಅವರ ಕನ್ನಡದಲ್ಲಿ ಕೇಳಬೇಕು. ಆರೋಪಿಗಳನ್ನೂ ಅವರ ವಕೀಲರನ್ನೂ ಮಾತಾಡಿಸಬೇಕು. ಪ್ರಕರಣ ವರ್ಷಗಟ್ಟಲೆ ಪಾವಗಡ, ಮಧುಗಿರಿಯ ನ್ಯಾಯಾಲಯಗಳ ನಡುವೆ ಓಡಾಡಿದೆ. ದೋಷಾರೋಪ ಪಟ್ಟಿ, ಸಾಕ್ಷಿಗಳ ಹೇಳಿಕೆ, ವೈದ್ಯರ ವರದಿ ಎಲ್ಲ ಅಲ್ಲಿನ ಕಡತಗಳಲ್ಲಿ ಇರಲೇಬೇಕು. ನಕಲು ಅರ್ಜಿ ಹಾಕಿ, ಸ್ಟಾಂಪು ಹಚ್ಚಿ, ಗುಮಾಸ್ತರ ಮುಂದೆ ಕಾಯಬೇಕು. ಬೆಳಗೆರೆಯವರಿಗೆ ಈ ಕೆಲಸ ಹಿಡಿಸುತ್ತಿರಲಿಲ್ಲ. ಅವರ ಪತ್ರಿಕೆ ಓದಿ ಬರೆಯುವ ಹುಚ್ಚು ಹತ್ತಿಸಿಕೊಂಡ ಎಷ್ಟೋ ಹುಡುಗರು ಈಗ ನಮ್ಮ ತಾಲ್ಲೂಕುಗಳಲ್ಲೇ ವರದಿಗಾರರಾಗಿದ್ದಾರೆ. ಅವರಲ್ಲಿ ಒಬ್ಬರಾದರೂ ಆ ಕಡತ ತೆಗೆಸಲಿ.